ವಿಂಡೋಸ್ 7, 10, 11: ಒಂದೇ ಮನೆಯ ಮೂರು ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳದಿದ್ದಾಗ

ಪ್ರಶ್ನೆ: ಮನೆಯಲ್ಲಿ ಮೂರು ಕಂಪ್ಯೂಟರ್‌ಗಳಿವೆ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 7 ಇದೆ. ಹನ್ನೆರಡು ವರ್ಷಗಳ ಫೋಟೊ, ವಿಡಿಯೊ ಎಲ್ಲ ಅದರಲ್ಲೇ. ನನ್ನ ಲ್ಯಾಪ್‌ಟಾಪ್ ವಿಂಡೋಸ್ 10, ಮಗಳ ಹೊಸ ಲ್ಯಾಪ್‌ಟಾಪ್ ವಿಂಡೋಸ್ 11 ಪ್ರೊ. ಹಿಂದೆ ವಿಂಡೋಸ್‌ನಲ್ಲಿ ಹೋಮ್‌ಗ್ರೂಪ್ ಎಂಬ ಹಂಚಿಕೆಯ ಸೌಲಭ್ಯ ಇದ್ದಾಗ ಎಲ್ಲ ಸಲೀಸಾಗಿತ್ತು. ಈಗ ನನ್ನ ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್ ತೆರೆಯುತ್ತದೆ, ಆದರೆ ಒಂದೆರಡು ಫೋಲ್ಡರ್‌ಗಳಿಗೆ ಅನುಮತಿ ಇಲ್ಲ ಅನ್ನುತ್ತದೆ. ಮಗಳ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಕಿಟಕಿಯಲ್ಲಿ ಡೆಸ್ಕ್‌ಟಾಪ್ ಕಾಣುವುದೇ ಇಲ್ಲ. ಹೆಸರು ಟೈಪ್ ಮಾಡಿ ಹೋದರೆ ‘ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆದಿದೆ’ ಎಂಬರ್ಥದ ಸಂದೇಶ ಬರುತ್ತದೆ. ನಮ್ಮದು ಮನೆ, ಇಲ್ಲಿ ಸಂಸ್ಥೆ ಎಲ್ಲಿಂದ ಬಂತು? ಡೆಸ್ಕ್‌ಟಾಪ್‌ನಿಂದ ಅವಳ ಲ್ಯಾಪ್‌ಟಾಪ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ, ಅವಳ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ. ಯಾರೋ ಎಸ್‌ಎಂಬಿ1 ಆನ್ ಮಾಡಿ ಅಂದರು. ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ಮಾಡಿದೆ, ಏನೂ ಬದಲಾಗಲಿಲ್ಲ. ಅದನ್ನು ಹಾಗೇ ಬಿಡಲೇ?

ಉತ್ತರ: ಬಿಡಬೇಡಿ. ಮುಂದಿನದನ್ನು ಓದುವ ಮೊದಲು ಎರಡೂ ಲ್ಯಾಪ್‌ಟಾಪ್‌ಗಳಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ತೆರೆದು, ‘ಎಸ್‌ಎಂಬಿ 1.0 / ಸಿಐಎಫ್‌ಎಸ್ ಫೈಲ್ ಶೇರಿಂಗ್ ಸಪೋರ್ಟ್’ ಎದುರಿನ ಗುರುತು ತೆಗೆದು, ರೀಸ್ಟಾರ್ಟ್ ಮಾಡಿಬಿಡಿ. ನಿಮ್ಮ ಮೂರು ಕಂಪ್ಯೂಟರ್‌ಗಳಲ್ಲಿ ಯಾವುದಕ್ಕೂ ಅದು ಬೇಕಾಗಿಲ್ಲ. ಯಾಕೆ ಬೇಕಿಲ್ಲ ಅನ್ನುವುದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವಾಗ ತಮ್ಮತಮ್ಮಲ್ಲಿ ಆಡುವ ಭಾಷೆಯ ಹೆಸರು ಎಸ್‌ಎಂಬಿ. ಅದರ ಮೊದಲ ರೂಪ 1980ರ ದಶಕದ್ದು. 2006ರ ವಿಸ್ಟಾ ಹೊತ್ತಿಗೆ ಎರಡನೆಯದು ಬಂತು, 2009ರಲ್ಲಿ ವಿಂಡೋಸ್ 7 ಜತೆ 2.1, 2012ರಲ್ಲಿ ವಿಂಡೋಸ್ 8 ಜತೆ 3.0, 2015ರಲ್ಲಿ ವಿಂಡೋಸ್ 10 ಜತೆ 3.1.1. ಎರಡು ಕಂಪ್ಯೂಟರ್‌ಗಳು ಮಾತಿಗಿಳಿದಾಗ ಮೊದಲು ‘ನಿನಗೆ ಯಾವ ಯಾವ ರೂಪ ಬರುತ್ತದೆ’ ಎಂದು ವಿಚಾರಿಸಿಕೊಂಡು, ಇಬ್ಬರಿಗೂ ಬರುವುದರಲ್ಲಿ ಹೊಸದನ್ನು ಆರಿಸಿಕೊಳ್ಳುತ್ತವೆ. ನಿಮ್ಮ ವಿಂಡೋಸ್ 7ಕ್ಕೆ 2.1 ಚೆನ್ನಾಗಿಯೇ ಬರುತ್ತದೆ. ವಿಂಡೋಸ್ 11ಕ್ಕೂ 2.1 ಬರುತ್ತದೆ. ಹಾಗಾಗಿ ಅವು 2.1ರಲ್ಲಿ ಮಾತಾಡುತ್ತವೆ, ಒಂದನೆಯದರ ಪ್ರಸ್ತಾಪವೇ ಬರುವುದಿಲ್ಲ. ಎಸ್‌ಎಂಬಿ1 ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವುದು ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಗಳಿಗೆ, ತುಂಬ ಹಳೆಯ ಕೆಲವು ನೆಟ್‌ವರ್ಕ್ ಡಿಸ್ಕ್‌ಗಳಿಗೆ ಮತ್ತು ಸ್ಕ್ಯಾನರ್‌ಗಳಿಗೆ. ಫೋಲ್ಡರ್ ತೆರೆದಿರುವಾಗಲೇ ವಿಂಡೋಸ್ 10 ಅಥವಾ 11ರ ಪವರ್‌ಶೆಲ್ ಎಂಬ ಆಜ್ಞೆ ಬರೆಯುವ ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಗೆಟ್-ಎಸ್‌ಎಂಬಿಕನೆಕ್ಷನ್’ ಆಜ್ಞೆ ಕೊಟ್ಟರೆ, ಡಯಲೆಕ್ಟ್ ಅನ್ನುವ ಕಾಲಮ್‌ನಲ್ಲಿ 2.1 ಎಂದೇ ಬರೆದಿರುತ್ತದೆ. ನನ್ನ ಮಾತನ್ನು ನಂಬಬೇಕಿಲ್ಲ, ನೀವೇ ನೋಡಿ.

ಬೇಕಿಲ್ಲದಿದ್ದರೆ ಇರಲಿ ಬಿಡಿ ಅನ್ನುವ ಹಾಗೂ ಇಲ್ಲ. 2017ರ ಮೇ 12ರಂದು ಹರಡಿದ, ಫೈಲ್‌ಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನಾಕ್ರೈ ಎಂಬ ತಂತ್ರಾಂಶ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿದ್ದು ಎಸ್‌ಎಂಬಿ1ರ ಒಂದು ಬಿರುಕಿನ ಮೂಲಕ. ಅದನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು; ಹಾಕಿಕೊಳ್ಳದ ಯಂತ್ರಗಳು ಬಲಿಯಾದವು, ಅವುಗಳಲ್ಲಿ ಹೆಚ್ಚಿನವು ವಿಂಡೋಸ್ 7. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ1ನ್ನು ತಾನಾಗಿ ಕೊಡುವುದನ್ನು ನಿಲ್ಲಿಸುತ್ತ ಬಂದರು. ಕಷ್ಟಪಟ್ಟು ಮುಚ್ಚಿದ ಕಿಂಡಿ ಅದು. ಫೈಲ್ ಹಂಚಿಕೆಗೆ ಏನೇ ತೊಂದರೆ ಬಂದರೂ ಮೊದಲ ಮದ್ದಾಗಿ ಅದನ್ನೇ ತೆರೆಯಲು ಹೇಳುವ ಸಲಹೆ ಇನ್ನೂ ಓಡಾಡುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗಾದರೆ ನಿಮ್ಮ ತೊಂದರೆ ಎಲ್ಲಿದೆ? ನೀವು ಬರೆದಿರುವುದು ಒಂದು ತೊಂದರೆಯಲ್ಲ, ನಾಲ್ಕು. ನೆಟ್‌ವರ್ಕ್ ಕಿಟಕಿಯಲ್ಲಿ ಕಾಣುವುದು ಒಂದು. ಕಾಣಲಿ ಬಿಡಲಿ, ಆ ಯಂತ್ರವನ್ನು ತಲುಪುವುದು ಇನ್ನೊಂದು. ತಲುಪಿದ ಮೇಲೆ ‘ನೀನು ಯಾರು’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಮತ್ತೊಂದು. ಒಳಗೆ ಹೋದ ಮೇಲೆ ಇಂಥ ಫೋಲ್ಡರ್ ಮುಟ್ಟಲು ಅಪ್ಪಣೆ ಇದೆಯೇ ಅನ್ನುವುದು ಕಡೆಯದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಜನ ದಿನಗಟ್ಟಲೆ ಒದ್ದಾಡುವುದು ಇವನ್ನು ಕಲಸಿಕೊಂಡಾಗಲೇ: ಪಾಸ್‌ವರ್ಡ್ ಸರಿಯಿಲ್ಲದಿದ್ದರೆ ಫೈರ್‌ವಾಲ್ ಆಫ್ ಮಾಡುತ್ತಾರೆ, ಫೋಲ್ಡರ್‌ಗೆ ಅನುಮತಿ ಇಲ್ಲದಿದ್ದರೆ ರೂಟರ್ ಬದಲಿಸುತ್ತಾರೆ.

ನೆಟ್‌ವರ್ಕ್ ಕಿಟಕಿಯನ್ನು ಮೊದಲು ಪಕ್ಕಕ್ಕಿಡೋಣ, ಯಾಕೆಂದರೆ ನಾಲ್ಕರಲ್ಲಿ ಅದಕ್ಕೇ ಮಹತ್ವ ಕಡಿಮೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಕಂಪ್ಯೂಟರನ್ನೂ ತೆರೆಯಬಹುದು, ಹೆಸರಿರುವ ಕಂಪ್ಯೂಟರ್ ತೆರೆಯದೆಯೂ ಇರಬಹುದು. ಹಿಂದೆ ಈ ಪಟ್ಟಿಯನ್ನು ಕಟ್ಟುತ್ತಿದ್ದ ‘ಕಂಪ್ಯೂಟರ್ ಬ್ರೌಸರ್’ ಸೇವೆ ಎಸ್‌ಎಂಬಿ1ನ್ನೇ ನೆಚ್ಚಿಕೊಂಡಿತ್ತು. ಎಸ್‌ಎಂಬಿ1 ಹೋದ ಕಡೆ ಅದೂ ಹೋಯಿತು. ಈಗ ಆ ಕೆಲಸ ಮಾಡುವುದು ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’ ಮತ್ತು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬ ಎರಡು ಸೇವೆಗಳು. ಮೊದಲನೆಯದು ಬೇರೆಯವರನ್ನು ಹುಡುಕಲು, ಎರಡನೆಯದು ‘ನಾನಿಲ್ಲಿದ್ದೇನೆ’ ಎಂದು ಸಾರಲು. ಸರ್ವಿಸಸ್ ಕಿಟಕಿಯಲ್ಲಿ ಎರಡನೆಯದರ ಸ್ಟಾರ್ಟಪ್ ಟೈಪ್ ಅನ್ನು ‘ಆಟೊಮ್ಯಾಟಿಕ್ (ಡಿಲೇಡ್ ಸ್ಟಾರ್ಟ್)’ ಮಾಡಿಟ್ಟರೆ, ಸ್ವಲ್ಪ ಹೊತ್ತಿಗೆ ಹೆಸರುಗಳು ಕಾಣಿಸಿಕೊಳ್ಳುತ್ತವೆ. ಮೂರೂ ಯಂತ್ರಗಳಲ್ಲಿ ಮಾಡಿ. ಕಾಣಿಸಿಕೊಳ್ಳದಿದ್ದರೂ ಚಿಂತೆ ಬೇಡ. ಒಮ್ಮೆ ಸರಿಯಾಗಿ ಜೋಡಿಸಿದ ಫೋಲ್ಡರನ್ನು ಡ್ರೈವ್ ಅಕ್ಷರ ಕೊಟ್ಟು ಮ್ಯಾಪ್ ಮಾಡಿಕೊಂಡರೆ ಆ ಕಿಟಕಿಗೆ ಮತ್ತೆ ಹೋಗುವ ಅಗತ್ಯವೇ ಬೀಳುವುದಿಲ್ಲ.

ಈಗ ತಲುಪುವ ವಿಚಾರ. ಡೆಸ್ಕ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಕೊಡಿ. ಐಪಿವಿ4 ವಿಳಾಸ 192.168.1.20 ಎಂಬಂತೆ ಏನೋ ಒಂದು ಸಿಗುತ್ತದೆ. ಅದನ್ನು ಬರೆದುಕೊಂಡು, ಮಗಳ ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್ ವಿಳಾಸಪಟ್ಟಿಯಲ್ಲಿ ಎರಡು ಹಿಂಬಾಗು ಗೀಟು ಹಾಕಿ ಆ ಸಂಖ್ಯೆ ಹೊಡೆಯಿರಿ: \\192.168.1.20 ಎಂಬ ರೀತಿ. ಏನು ಬಂತು ಅನ್ನುವುದರ ಮೇಲೆ ಮುಂದಿನ ದಾರಿ ತೀರ್ಮಾನವಾಗುತ್ತದೆ.

ನಿಮ್ಮ ವಿಷಯದಲ್ಲಿ ಏನು ಬರುತ್ತದೆಂದು ನನಗೆ ಈಗಲೇ ಗೊತ್ತು. ಅದೇ ‘ಸಂಸ್ಥೆಯ ಭದ್ರತಾ ನೀತಿ’ಯ ಸಂದೇಶ. ಅಂದರೆ ನೀವು ಡೆಸ್ಕ್‌ಟಾಪನ್ನು ತಲುಪಿಯಾಗಿದೆ. ತಂತಿ, ವೈಫೈ, ರೂಟರ್, ಫೈರ್‌ವಾಲ್ ಎಲ್ಲ ಸರಿಯಿವೆ, ಅವನ್ನು ಮುಟ್ಟಬೇಡಿ. ಪಾಸ್‌ವರ್ಡ್ ಕೇಳುವ ಚೌಕಟ್ಟು ಬಂದರೂ, ‘ಆಕ್ಸೆಸ್ ಡಿನೈಡ್’ ಬಂದರೂ ಅರ್ಥ ಇಷ್ಟೇ: ಆ ಕಡೆಯವರು ಬಾಗಿಲ ಬಳಿ ಬಂದು ಮಾತಾಡಿದ್ದಾರೆ.

ತಲುಪಲು ಆಗದೇ ಹೋದಾಗ ಬರುವುದು ಬೇರೆ: ‘ನೆಟ್‌ವರ್ಕ್ ಪಾತ್ ವಾಸ್ ನಾಟ್ ಫೌಂಡ್’, 80070035 ಎಂದು ಕೊನೆಯಾಗುವ ದೋಷಸಂಖ್ಯೆ, ಅಥವಾ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸಿಸ್ಟಮ್ ಎರರ್ 53’. ಇದೇ ಪ್ರಶ್ನೆ ಇಟ್ಟುಕೊಂಡು ಇಲ್ಲಿಗೆ ಬಂದ ಇತರರಿಗಾಗಿ ಇದರ ಬಗ್ಗೆ ಎರಡು ಮಾತು. ಐಪಿ ಹೊಡೆದರೆ ತೆರೆದು, ಹೆಸರು ಹೊಡೆದರೆ ತೆರೆಯದಿದ್ದರೆ ದೋಷ ಹೆಸರಿನದು ಮಾತ್ರ. ಕಂಪ್ಯೂಟರ್ ಹೆಸರು 15 ಅಕ್ಷರ ಮೀರಿದ್ದರೆ ಚಿಕ್ಕದು ಮಾಡಿ. ಎರಡು ಯಂತ್ರಗಳಿಗೆ ಒಂದೇ ಹೆಸರಿಲ್ಲವೆಂದು ನೋಡಿಕೊಳ್ಳಿ. ಐಪಿ ಹೊಡೆದರೂ ತೆರೆಯದಿದ್ದರೆ, ಹಂಚುವ ಕಂಪ್ಯೂಟರ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ‘ಪಬ್ಲಿಕ್’ ಆಗಿದೆಯೇ ನೋಡಿ. ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗಕ್ಕೆ ಹೋಗಿ ವೈಫೈಯ ಪ್ರಾಪರ್ಟೀಸ್‌ನಲ್ಲಿ ‘ಪ್ರೈವೇಟ್’ ಮಾಡಬೇಕು; ವಿಂಡೋಸ್ 7ರಲ್ಲಿ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್‌ನಲ್ಲಿ ‘ಹೋಮ್ ನೆಟ್‌ವರ್ಕ್’. ಪಬ್ಲಿಕ್ ಇದ್ದರೆ ಫೈರ್‌ವಾಲ್ ಹೊರಗಿನವರನ್ನೆಲ್ಲ ಅಪರಿಚಿತರೆಂದೇ ಬಗೆಯುತ್ತದೆ. ರೂಟರ್ ಬದಲಿಸಿದಾಗ, ವೈಫೈ ಹೆಸರು ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು ಮತ್ತೆ ಪಬ್ಲಿಕ್ ಮಾಡಿಬಿಡಬಹುದು. ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಇಲ್ಲ ಅನ್ನುವ ಎಷ್ಟೋ ದೂರುಗಳ ಬೇರು ಇದೇ.

ಇನ್ನೊಂದು, ಹೊರನೋಟಕ್ಕೆ ಸುಳಿವೇ ಕೊಡದ ಕಾರಣ. ಒಮ್ಮೆ ಪರಿಚಿತರ ಮನೆಯಲ್ಲಿ ಎಲ್ಲ ಸೆಟ್ಟಿಂಗ್‌ಗಳನ್ನೂ ಎರಡೆರಡು ಸಲ ನೋಡಿದೆ, ತಪ್ಪೇ ಸಿಗಲಿಲ್ಲ. ಕಡೆಗೆ ಎರಡೂ ಯಂತ್ರಗಳ ಐಪಿಗಳನ್ನು ಒಂದರ ಕೆಳಗೊಂದು ಬರೆದಾಗ ಕಂಡಿತು: ಒಂದರದು 192.168.1 ಎಂದು ಶುರು, ಇನ್ನೊಂದರದು 192.168.0 ಎಂದು. ಒಳಗಿನ ಕೋಣೆಗೆ ವೈಫೈ ಸಿಗಲಿ ಎಂದು ಅವರು ಎರಡನೆಯ ರೂಟರ್ ಇಟ್ಟಿದ್ದರು. ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡು ಕೂತಿತ್ತು. ವಿಂಡೋಸ್ ಫೈರ್‌ವಾಲ್ ಮನೆಯ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೆಗೆ ದಾರಿ ಬಿಡುವುದು ಸಾಮಾನ್ಯವಾಗಿ ತನ್ನದೇ ಸಬ್‌ನೆಟ್‌ನವರಿಗೆ, ಅಂದರೆ ಅದೇ ನೆಟ್‌ವರ್ಕ್ ತುಂಡಿನಲ್ಲಿ ಇರುವವರಿಗೆ ಮಾತ್ರ. ಎರಡನೆಯ ರೂಟರನ್ನು, ಬೇರೆ ನೆಟ್‌ವರ್ಕ್ ಕಟ್ಟದೆ ವೈಫೈ ಮಾತ್ರ ಹರಡುವ ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಿಸಿದೆವು, ಎಲ್ಲ ಸರಿಹೋಯಿತು. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಒಂದು ಲ್ಯಾಪ್‌ಟಾಪ್ ಅಂಟಿಕೊಂಡಿದ್ದರೂ ಇದೇ ಕಥೆ. ಅದು ಇರುವುದೇ ಯಂತ್ರಗಳನ್ನು ಒಂದರಿಂದೊಂದು ದೂರ ಇಡಲು. ವಿಳಾಸ 169.254 ಎಂದು ಶುರುವಾದರೆ ಆ ಯಂತ್ರಕ್ಕೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ. ವಿಪಿಎನ್ ಆನ್ ಇದ್ದರೆ ಆಫ್ ಮಾಡಿ ನೋಡಿ. ಹೊರಗಿನ ಆಂಟಿವೈರಸ್ ಇದ್ದರೆ ಅದಕ್ಕೆ ತನ್ನದೇ ಫೈರ್‌ವಾಲ್ ಇರಬಹುದು, ವಿಂಡೋಸ್‌ನದನ್ನು ಸರಿಪಡಿಸಿದರೂ ಅದು ಅಡ್ಡ ನಿಲ್ಲುತ್ತದೆ. ಆ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಗೆ ಉತ್ತರ ಬರಲಿಲ್ಲವೆಂದು ನಿರ್ಧಾರಕ್ಕೆ ಬರಬೇಡಿ, ಪಿಂಗನ್ನು ಮಾತ್ರ ತಡೆಯುವ ಫೈರ್‌ವಾಲ್‌ಗಳಿವೆ. ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಬರೆದು, ಆ ಕಂಪ್ಯೂಟರಿನ ಐಪಿ ಮತ್ತು ಪೋರ್ಟ್ 445 ಕೊಟ್ಟು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಎಸ್‌ಎಂಬಿ ಓಡಾಡುವುದು ಆ ಪೋರ್ಟಿನಲ್ಲೇ.

ಇಷ್ಟು ತಲುಪುವ ಮಾತಾಯಿತು. ನಿಮ್ಮ ಮನೆಯ ನಿಜವಾದ ತೊಡಕು ಮೂರನೆಯದರಲ್ಲಿದೆ: ‘ನೀನು ಯಾರು?’

ನಿಮ್ಮ ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡ್ ಇಲ್ಲ, ಆನ್ ಮಾಡಿದರೆ ನೇರ ಒಳಗೆ ಹೋಗುತ್ತದೆ ಅಂದುಕೊಂಡಿದ್ದೇನೆ. ಅದರ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಅನ್ನು ಯಾರೋ ಎಂದೋ ಆಫ್ ಮಾಡಿರಬೇಕು. ಹಾಗೆ ಮಾಡಿದಾಗ ಹೊರಗಿನಿಂದ ಬಂದ ಯಾರನ್ನೇ ಆಗಲಿ ವಿಂಡೋಸ್ 7 ‘ಗೆಸ್ಟ್’ ಎಂಬ ಖಾತೆಯ ಹೆಸರಿನಲ್ಲಿ ಒಳಗೆ ಬಿಡುತ್ತದೆ. ನಿಮ್ಮ ವಿಂಡೋಸ್ 10 ಅದಕ್ಕೆ ಒಪ್ಪಿಕೊಂಡು ಒಳಗೆ ಹೋಗುತ್ತಿದೆ. ವಿಂಡೋಸ್ 11 ಪ್ರೊ ಮಾತ್ರ 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಇಂಥ ಪ್ರವೇಶವನ್ನು ತಾನೇ ನಿರಾಕರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ: ತಡೆಯುತ್ತಿರುವುದು ಡೆಸ್ಕ್‌ಟಾಪ್ ಅಲ್ಲ, ಒಳಗೆ ಹೋಗಬೇಕಾದ ಮಗಳ ಲ್ಯಾಪ್‌ಟಾಪ್. ಆ ಕಡೆ ಇರುವುದು ನಿಜವಾಗಿ ನಿಮ್ಮ ಡೆಸ್ಕ್‌ಟಾಪೋ, ಆ ಹೆಸರು ಹೇಳಿಕೊಂಡ ಇನ್ನೊಂದು ಯಂತ್ರವೋ ಅನ್ನುವುದು ಗೆಸ್ಟ್ ಸಂಪರ್ಕದಲ್ಲಿ ಗೊತ್ತಾಗುವುದಿಲ್ಲ. ಅದೇ ಆವೃತ್ತಿ ಪ್ರತಿ ಎಸ್‌ಎಂಬಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕೆಂದು ಹಟ ಹಿಡಿಯುತ್ತದೆ. ಆ ಸಹಿಯ ಕೀಲಿ ಹುಟ್ಟುವುದು ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಆದ್ದರಿಂದ ಸಹಿಯೂ ಇಲ್ಲ. ‘ಸಂಸ್ಥೆ’ ಎಂಬ ಪದ ಬಂದಿರುವುದು, ಈ ನಿಯಮ ಮೊದಲು ಕಚೇರಿಗಳಿಗೆಂದು ಮಾಡಿದ ಎಂಟರ್‌ಪ್ರೈಸ್ ಆವೃತ್ತಿಗಳಲ್ಲಿ ಇದ್ದುದರಿಂದ. ನಿಯಮ ಮನೆಗೆ ಬಂತು, ಸಂದೇಶದ ಮಾತು ಬದಲಾಗಲಿಲ್ಲ. ಅವಳ ಲ್ಯಾಪ್‌ಟಾಪನ್ನು ಯಾರೂ ಹಿಡಿತಕ್ಕೆ ತೆಗೆದುಕೊಂಡಿಲ್ಲ, ಆ ಭಯ ಬೇಡ.

ಈ ತಡೆಯನ್ನು ತೆಗೆಯುವ ಉಪಾಯವೂ ಇದೆ, ಗ್ರೂಪ್ ಪಾಲಿಸಿಯಲ್ಲಿ ‘ಎನೇಬಲ್ ಇನ್‌ಸೆಕ್ಯೂರ್ ಗೆಸ್ಟ್ ಲಾಗಾನ್ಸ್’ ಎಂದು. ಆ ಹೆಸರಿನಲ್ಲೇ ‘ಇನ್‌ಸೆಕ್ಯೂರ್’ ಅಂತ ಬರೆದಿಟ್ಟಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಹೊಸ ಯಂತ್ರದ ಬೀಗ ಸಡಿಲಿಸುವ ಬದಲು ಹಳೆಯ ಯಂತ್ರಕ್ಕೆ ಒಂದು ಕೀಲಿ ಮಾಡಿಸಿ.

ಹೋಮ್‌ಗ್ರೂಪ್ ಮಾಡುತ್ತಿದ್ದುದೂ ಅದನ್ನೇ. 2009ರಲ್ಲಿ ವಿಂಡೋಸ್ 7 ಜತೆ ಬಂದ ಅದು, ನೀವು ಒಂದು ಪಾಸ್‌ವರ್ಡ್ ಕೊಟ್ಟ ಕೂಡಲೇ ಪ್ರತಿ ಕಂಪ್ಯೂಟರಿನಲ್ಲೂ ಕಣ್ಣಿಗೆ ಕಾಣದ ಒಂದು ಬಳಕೆದಾರ ಖಾತೆ ಸೃಷ್ಟಿಸುತ್ತಿತ್ತು. ಯಂತ್ರಗಳು ಒಂದನ್ನೊಂದು ಆ ಖಾತೆಯಿಂದ ಗುರುತಿಸುತ್ತಿದ್ದವು. 2018ರ ಏಪ್ರಿಲ್‌ನ ವಿಂಡೋಸ್ 10 1803 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಇಷ್ಟು ದಿನ ತೆರೆಮರೆಯಲ್ಲಿ ನಡೆಯುತ್ತಿದ್ದ ಕೆಲಸವನ್ನು ಈಗ ನಾವೇ ಕೈಯಾರೆ ಮಾಡಬೇಕು, ಅಷ್ಟೇ ವ್ಯತ್ಯಾಸ. ಒಮ್ಮೆ ಮಾಡಿದರೆ ಮುಗಿಯಿತು.

ಡೆಸ್ಕ್‌ಟಾಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಯೂಸರ್ ಅಕೌಂಟ್ಸ್‌ಗೆ ಹೋಗಿ ಹೊಸ ಖಾತೆ ಮಾಡಿ. ಹೆಸರು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಚಿಕ್ಕದಾಗಿರಲಿ, ನಡುವೆ ಖಾಲಿ ಜಾಗ ಬೇಡ. ಸ್ಟ್ಯಾಂಡರ್ಡ್ ಯೂಸರ್ ಸಾಕು, ಅಡ್ಮಿನಿಸ್ಟ್ರೇಟರ್ ಆಗಬೇಕಿಲ್ಲ. ಪಾಸ್‌ವರ್ಡ್ ಕಡ್ಡಾಯ: ಪಾಸ್‌ವರ್ಡ್ ಇಲ್ಲದ ಖಾತೆಯಿಂದ ಯಂತ್ರದ ಮುಂದೆ ಕೂತು ಮಾತ್ರ ಒಳಹೋಗಬಹುದು, ನೆಟ್‌ವರ್ಕ್ ಮೂಲಕ ಬಂದರೆ ವಿಂಡೋಸ್ ಬಿಡುವುದಿಲ್ಲ. ನಿಮ್ಮ ಹಳೆಯ ಖಾತೆಗೆ ಪಾಸ್‌ವರ್ಡ್ ಹಾಕುವ ಅಗತ್ಯವಿಲ್ಲ. ಇನ್ನು ಮೇಲೆ ಡೆಸ್ಕ್‌ಟಾಪ್ ಆನ್ ಮಾಡಿದಾಗ ಪರದೆಯ ಮೇಲೆ ಎರಡು ಖಾತೆಗಳು ಕಾಣುತ್ತವೆ, ಹಳೆಯದರ ಮೇಲೆ ಕ್ಲಿಕ್ ಮಾಡಿ ಎಂದಿನಂತೆ ಬಳಸಿ. ಆಮೇಲೆ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆನ್ ಮಾಡಿ.

ಮಗಳ ಲ್ಯಾಪ್‌ಟಾಪ್‌ನಿಂದ ಮತ್ತೆ \\ ಹಾಕಿ ಐಪಿ ಹೊಡೆಯಿರಿ. ಈ ಸಲ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬಳಕೆದಾರರ ಹೆಸರಿನ ಜಾಗದಲ್ಲಿ ಮೊದಲು ಡೆಸ್ಕ್‌ಟಾಪ್‌ನ ಕಂಪ್ಯೂಟರ್ ಹೆಸರು, ಒಂದು ಹಿಂಬಾಗು ಗೀಟು, ಆಮೇಲೆ ಹೊಸ ಖಾತೆಯ ಹೆಸರು, ಹೀಗೆ ಪೂರ್ತಿಯಾಗಿ ಬರೆಯಿರಿ. ‘ನಾನು ಹೇಳುತ್ತಿರುವುದು ಆ ಯಂತ್ರದಲ್ಲಿರುವ ಖಾತೆ’ ಎಂದು ಆಗ ಸ್ಪಷ್ಟವಾಗುತ್ತದೆ. ‘ರಿಮೆಂಬರ್ ಮೈ ಕ್ರೆಡೆನ್ಶಿಯಲ್ಸ್’ ಗುರುತಿಸಿ ಓಕೆ ಕೊಡಿ.

ನೀವು ಈಗಾಗಲೇ ಬಗೆಬಗೆಯಾಗಿ ಪ್ರಯತ್ನಿಸಿರುವುದರಿಂದ ಇಲ್ಲಿ ಎರಡು ಎಡವುಗಲ್ಲು ಸಿಗಬಹುದು. ಮೊದಲನೆಯದು, ಹಿಂದೆ ಹಾಕಿದ ತಪ್ಪು ಪಾಸ್‌ವರ್ಡನ್ನು ವಿಂಡೋಸ್ ನೆನಪಿಟ್ಟುಕೊಂಡು ಕೇಳದೆಯೇ ಅದನ್ನೇ ಕಳಿಸುತ್ತಿರುವುದು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ, ವಿಂಡೋಸ್ ಕ್ರೆಡೆನ್ಶಿಯಲ್ಸ್ ಅಡಿ ಡೆಸ್ಕ್‌ಟಾಪ್‌ನ ಹೆಸರೋ ಐಪಿಯೋ ಇದ್ದರೆ ಅಳಿಸಿ. ಎರಡನೆಯದು 1219 ಸಂಖ್ಯೆಯ ದೋಷ: ಒಂದೇ ಯಂತ್ರಕ್ಕೆ ಒಬ್ಬರೇ ಎರಡು ಹೆಸರಿನಲ್ಲಿ ಏಕಕಾಲಕ್ಕೆ ಹೋಗುವಂತಿಲ್ಲ ಅನ್ನುವುದು. ವಿಂಡೋಸ್ 10ರಲ್ಲಿ ಹಳೆಯ ಗೆಸ್ಟ್ ಸಂಪರ್ಕ ಇನ್ನೂ ಜೀವಂತ ಇರುವಾಗ ಹೊಸ ಖಾತೆಯಲ್ಲಿ ಹೋದರೆ ಇದು ಬರುವ ಸಾಧ್ಯತೆ ಇದೆ. ಸೈನ್ ಔಟ್ ಆಗಿ ಮತ್ತೆ ಬಂದರೆ ಸಾಕು, ಹೋಗುತ್ತದೆ.

ಇನ್ನು ಪಿನ್ ವಿಚಾರ. ವಿಂಡೋಸ್ ಹಲೋ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಎದುರಿಗೆ ಕೂತವರಿಗಷ್ಟೇ ಅದು ಕೆಲಸ ಮಾಡುತ್ತದೆ, ನೆಟ್‌ವರ್ಕ್ ದಾಟಿ ಬಂದವರು ಅದನ್ನು ಹೇಳಿದರೆ ಪ್ರಯೋಜನವಿಲ್ಲ. ಮಗಳು ಲಾಗಿನ್ ಆಗುವುದು ಮೈಕ್ರೋಸಾಫ್ಟ್ ಖಾತೆಯಿಂದಾದರೆ ಅವಳ ಇಮೇಲ್ ಮತ್ತು ಆ ಖಾತೆಯ ಪಾಸ್‌ವರ್ಡ್ ಕೊಟ್ಟು ನೋಡಬಹುದು. ಆದರೆ ಆ ಲ್ಯಾಪ್‌ಟಾಪ್‌ನಲ್ಲಿ ಅವಳು ಪಾಸ್‌ವರ್ಡನ್ನು ಒಮ್ಮೆಯೂ ಹಾಕದೆ ಪಿನ್‌ನಿಂದಲೇ ಎಲ್ಲ ನಡೆಸಿದ್ದರೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ನಿರಾಕರಿಸಬಹುದು, ಹೋಲಿಸಿ ನೋಡಲು ಆ ಯಂತ್ರದ ಬಳಿ ಪಾಸ್‌ವರ್ಡೇ ಇಲ್ಲದಿರುವುದರಿಂದ. ಅದಿರಲಿ, ಅವಳ ಇಮೇಲ್ ಪಾಸ್‌ವರ್ಡನ್ನು ಹಳೆಯ ವಿಂಡೋಸ್ 7 ಯಂತ್ರದಲ್ಲಿ ಉಳಿಸಿಡುವುದೇ ನನಗೆ ಸರಿಕಾಣುವುದಿಲ್ಲ. ಅಲ್ಲೂ ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆ ಮಾಡಿ: ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆಡ್ ಅಕೌಂಟ್. ಇಮೇಲ್ ಕೇಳಿದಾಗ ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್-ಇನ್ ಇನ್ಫರ್ಮೇಶನ್’ ಒತ್ತಿ, ಮುಂದಿನ ಪುಟದಲ್ಲಿ ‘ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’ ಆರಿಸಿ. ಡೆಸ್ಕ್‌ಟಾಪ್‌ನಲ್ಲಿ ಮಾಡಿದ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೆ ನೆನಪಿಡಲು ಸುಲಭ. ವಿಂಡೋಸ್ 7ಕ್ಕೂ ಸಹಿ ಹಾಕುವುದು ಗೊತ್ತು, ಕೇಳಿದರೆ ಹಾಕುತ್ತದೆ. ಹಾಗಾಗಿ ಹಳೆಯ ಯಂತ್ರದಿಂದ ಹೊಸದಕ್ಕೆ ಹೋಗಲೂ ಅಡ್ಡಿಯಿಲ್ಲ.

ಉಳಿದದ್ದು ನಿಮ್ಮ ‘ಒಂದೆರಡು ಫೋಲ್ಡರ್‌ಗಳಿಗೆ ಅನುಮತಿ ಇಲ್ಲ’ ಅನ್ನುವುದು. ಹಂಚಿದ ಫೋಲ್ಡರಿಗೆ ಎರಡು ಕಾವಲುಗಳಿವೆ. ಪ್ರಾಪರ್ಟೀಸ್‌ನ ಶೇರಿಂಗ್ ಹಾಳೆಯಲ್ಲಿ ಕೊಡುವ ಅನುಮತಿ ಒಂದು, ಸೆಕ್ಯೂರಿಟಿ ಹಾಳೆಯಲ್ಲಿ ಡಿಸ್ಕ್ ಮೇಲೆಯೇ ಬರೆದಿರುವ ಅನುಮತಿ ಇನ್ನೊಂದು. ನೆಟ್‌ವರ್ಕ್‌ನಿಂದ ಬಂದವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್‌ನಲ್ಲಿ ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಟ್ಟರೂ ಸೆಕ್ಯೂರಿಟಿಯಲ್ಲಿ ಹೆಸರಿಲ್ಲದಿದ್ದರೆ ಒಳಗೆ ಬಿಡದು.

ಆದರೆ ಮೇಲಿನ ಫೋಲ್ಡರ್ ತೆರೆದು, ಒಳಗಿನ ಒಂದೆರಡು ಮಾತ್ರ ತೆರೆಯುತ್ತಿಲ್ಲವಲ್ಲ, ಅದಕ್ಕೆ ವಿಶೇಷ ಕಾರಣವಿದೆ. ಒಂದೇ ಡ್ರೈವ್‌ನೊಳಗೆ ಫೋಲ್ಡರನ್ನು ಕಟ್ ಮಾಡಿ ಪೇಸ್ಟ್ ಮಾಡಿದರೆ, ಎಳೆದು ತಂದರೆ, ಅದು ತನ್ನ ಹಳೆಯ ಅನುಮತಿಗಳನ್ನು ಕಟ್ಟಿಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಜಾಗದ ಅನುಮತಿ ಪಡೆಯುತ್ತದೆ. ತೆರೆಯದ ಆ ಫೋಲ್ಡರ್‌ಗಳನ್ನು ಎಂದೋ ‘ಮೈ ಪಿಕ್ಚರ್ಸ್’ನಿಂದಲೋ ಡೆಸ್ಕ್‌ಟಾಪ್ ಪರದೆಯಿಂದಲೋ ಎಳೆದು ತಂದಿರುತ್ತೀರಿ, ಅಲ್ಲಿ ಅವಕ್ಕೆ ಅನುಮತಿ ಇದ್ದದ್ದು ನಿಮ್ಮ ಖಾತೆಗೆ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಹೊತ್ತು ತಿನ್ನುವ ತೊಂದರೆ ಬೇರೊಂದನ್ನು ನಾನು ಕಂಡಿಲ್ಲ, ಮಾಡಿದವರಿಗೆ ತಾವು ಏನೋ ಮಾಡಿದೆವೆಂಬ ಅರಿವೇ ಇರುವುದಿಲ್ಲ.

ಸರಿಪಡಿಸಲು, ಹಂಚಿದ ಮೇಲಿನ ಫೋಲ್ಡರ್‌ನ ಶೇರಿಂಗ್ ಹಾಳೆಯಲ್ಲಿ ಅಡ್ವಾನ್ಸ್‌ಡ್ ಶೇರಿಂಗ್‌ನ ಪರ್ಮಿಶನ್ಸ್ ತೆರೆದು ಎವ್ರಿವನ್ ತೆಗೆದು ಹೊಸ ಖಾತೆ ಸೇರಿಸಿ. ನೋಡಲು ಮಾತ್ರವಾದರೆ ರೀಡ್, ಬದಲಿಸಲೂ ಬೇಕಾದರೆ ಚೇಂಜ್. ಸೆಕ್ಯೂರಿಟಿ ಹಾಳೆಯಲ್ಲೂ ಅದೇ ಖಾತೆಗೆ ರೀಡ್ ಅಥವಾ ಮಾಡಿಫೈ ಕೊಡಿ. ಆಮೇಲೆ ಅಲ್ಲಿಯೇ ಅಡ್ವಾನ್ಸ್‌ಡ್‌ನಲ್ಲಿ, ಒಳಗಿನ ಎಲ್ಲದರ ಅನುಮತಿಗಳನ್ನು ಈ ಫೋಲ್ಡರ್‌ನವುಗಳಿಂದ ಬದಲಿಸು ಎಂಬರ್ಥದ, ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಎಂದು ಶುರುವಾಗುವ ಚೌಕವನ್ನು ಗುರುತಿಸಿ ಅಪ್ಲೈ ಮಾಡಿ. ಫೋಟೊಗಳ ಫೋಲ್ಡರ್ ಮೇಲೆ ಮಾತ್ರ. ಸಿ ಡ್ರೈವ್ ಮೇಲೆ, ವಿಂಡೋಸ್ ಫೋಲ್ಡರ್ ಮೇಲೆ, ಯೂಸರ್ಸ್ ಫೋಲ್ಡರ್ ಮೇಲೆ ಎಂದಿಗೂ ಬೇಡ, ವಿಂಡೋಸ್ ಮತ್ತೆ ಹಾಕಬೇಕಾದ ಸ್ಥಿತಿ ಬಂದೀತು. ಇಡೀ ಡ್ರೈವನ್ನು ಹಂಚುವ ಅಭ್ಯಾಸವಿದ್ದರೆ ಅದನ್ನೂ ಬಿಟ್ಟುಬಿಡಿ.

ಮ್ಯಾಕ್ ಅಥವಾ ಲಿನಕ್ಸ್ ಇರುವ ಮನೆಗಳಲ್ಲೂ ಇದೇ ನಾಲ್ಕು ಹಂತಗಳು. 2013ರ ಮ್ಯಾವರಿಕ್ಸ್‌ನಿಂದ ಮ್ಯಾಕ್ ಕೂಡ ಮೊದಲು ಎಸ್‌ಎಂಬಿಯನ್ನೇ ಬಳಸುತ್ತದೆ. ಮ್ಯಾಕ್‌ನಿಂದ ಹಂಚುವವರು ಮರೆಯುವುದು ಒಂದೇ: ಫೈಲ್ ಶೇರಿಂಗ್ ಆನ್ ಮಾಡಿದರೆ ಸಾಲದು, ಅದರ ಆಪ್ಷನ್ಸ್‌ನಲ್ಲಿ ‘ವಿಂಡೋಸ್ ಫೈಲ್ ಶೇರಿಂಗ್’ ಕೆಳಗೆ ನಿಮ್ಮ ಖಾತೆಯನ್ನೂ ಗುರುತಿಸಿ ಪಾಸ್‌ವರ್ಡ್ ಕೊಡಬೇಕು. ಲಿನಕ್ಸ್‌ನಲ್ಲಿ ಈ ಕೆಲಸ ಸಾಂಬಾ ಎಂಬ ತಂತ್ರಾಂಶದ್ದು, ಅದು ಪಾಸ್‌ವರ್ಡ್‌ಗಳ ಪಟ್ಟಿಯನ್ನು ತಾನೇ ಬೇರೆ ಇಟ್ಟುಕೊಳ್ಳುತ್ತದೆ. ಲಿನಕ್ಸ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್ ಸಾಂಬಾಗೆ ಗೊತ್ತಿರುವುದಿಲ್ಲ, ‘ಎಸ್‌ಎಂಬಿಪಾಸ್‌ಡಬ್ಲ್ಯೂಡಿ’ (smbpasswd) ಆಜ್ಞೆಯಿಂದ ಪ್ರತ್ಯೇಕವಾಗಿ ಸೇರಿಸಬೇಕು.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಮುಗಿಸಲು ಮನಸ್ಸು ಬರುತ್ತಿಲ್ಲ. ವಿಂಡೋಸ್ 7ಕ್ಕೆ ಭದ್ರತಾ ತೇಪೆಗಳು ನಿಂತದ್ದು 2020ರ ಜನವರಿ 14ರಂದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ ನಿಮ್ಮ ಮನೆಯ ಹನ್ನೆರಡು ವರ್ಷದ ನೆನಪುಗಳು ಮೂರರಲ್ಲಿ ಅತ್ಯಂತ ದುರ್ಬಲ ಯಂತ್ರದಲ್ಲಿ, ಬಹುಶಃ ಅತ್ಯಂತ ಹಳೆಯ ಡಿಸ್ಕ್ ಮೇಲೆ ಕೂತಿವೆ, ಮತ್ತು ಅದೇ ಯಂತ್ರ ಎಲ್ಲರಿಗೂ ಬಾಗಿಲು ತೆರೆದು ಕೊಡುತ್ತಿದೆ. ಹಂಚುವ ಕೆಲಸ ಯಾವಾಗಲೂ ಮನೆಯ ಹೊಸ ಯಂತ್ರದ್ದಾಗಬೇಕು. ಹಳೆಯದು ಅಲ್ಲಿಗೆ ಹೋಗಿ ನೋಡಿಕೊಂಡು ಬರಲಿ. ಆದ್ದರಿಂದ ಮೇಲಿನದೆಲ್ಲ ಸರಿಹೋಗಿ ಮಗಳ ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್ ತೆರೆದ ದಿನವೇ ಫೋಟೊಗಳನ್ನೆಲ್ಲ ಅವಳ ಲ್ಯಾಪ್‌ಟಾಪಿಗೂ, ಒಂದು ಹೊರಗಿನ ಹಾರ್ಡ್ ಡಿಸ್ಕಿಗೂ ಕಾಪಿ ಮಾಡಿಕೊಳ್ಳಿ. ವೈಫೈ ಬದಲು ಎರಡನ್ನೂ ರೂಟರಿಗೆ ತಂತಿಯಿಂದ ಜೋಡಿಸಿದರೆ ಬೇಗ ಮುಗಿಯುತ್ತದೆ. ಡೆಸ್ಕ್‌ಟಾಪ್‌ನ ಪವರ್ ಆಪ್ಷನ್ಸ್‌ನಲ್ಲಿ ನಿದ್ರೆಯನ್ನು ‘ನೆವರ್’ ಮಾಡಿಟ್ಟಿರಿ, ಇಲ್ಲದಿದ್ದರೆ ನಡುವೆ ಮಲಗಿ ಸಂಪರ್ಕ ಕಡಿದುಹೋದೀತು. ಕಟ್ ಮಾಡಬೇಡಿ, ಕಾಪಿಯೇ ಮಾಡಿ. ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ತಾಳೆಯಾಗುವ ತನಕ ಡೆಸ್ಕ್‌ಟಾಪ್‌ನಲ್ಲಿರುವ ಒಂದು ಫೋಟೊವನ್ನೂ ಅಳಿಸಬೇಡಿ.